ನೋಡಲು ಬರುತ್ತದೆ, ರೆಕಾರ್ಡ್ ಆಗುವುದಿಲ್ಲ: ಡಿಶ್ ಪೆಟ್ಟಿಗೆಯ ರಿಪೇರಿ ಮನೆಯಲ್ಲೇ

ಬೋರ್‌ವೆಲ್ ನಂಬಿದವರಿಗೆ ಟಿವಿಯ ಹೊತ್ತು, ನೀರಿನ ಹೊತ್ತು ಎರಡೂ ಕೂಡಿ ಬರುವುದಿಲ್ಲ. ತ್ರೀ ಫೇಸ್ ಕರೆಂಟು ಕೊಟ್ಟಾಗ ಹೊಲದಲ್ಲಿರಬೇಕು. ಶೇಂಗಾದ ಸುರುಳಿಪೂಚಿ ಬಗ್ಗೆಯೋ ತೊಗರಿಯ ಗೊಡ್ಡುರೋಗದ ಬಗ್ಗೆಯೋ ಚಂದನದಲ್ಲಿ ತಿಳಿದವರು ಮಾತಾಡುವಾಗ ನಾವು ಗೇಟ್‌ವಾಲ್ವ್ ತಿರುವುತ್ತಿರುತ್ತೇವೆ. ಇದಕ್ಕಾಗಿಯೇ ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡುವ ಫ್ರೀ ಡಿಶ್ ಪೆಟ್ಟಿಗೆ ಮನೆಗೆ ತಂದಿದ್ದು. ತಿಂಗಳ ಬಾಡಿಗೆ ಇಲ್ಲ. ರಾತ್ರಿ ಊಟ ಮಾಡುತ್ತಾ ನೋಡಬಹುದು, ಬೇಕಾದ ಕಡೆ ನಿಲ್ಲಿಸಿ ಔಷಧಿಯ ಅಳತೆ ಬರೆದುಕೊಳ್ಳಬಹುದು.

ಹೋದ ವರ್ಷ ಆ ಪೆಟ್ಟಿಗೆ ಒಂದು ವಿಚಿತ್ರ ಆಟ ಶುರು ಮಾಡಿತು. ಚಿತ್ರ ಚೆನ್ನಾಗಿ ಬರುತ್ತದೆ, ಮಾತು ಚೆನ್ನಾಗಿ ಕೇಳುತ್ತದೆ. ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಆರಿಹೋಗಿ ಮತ್ತೆ ಮೊದಲಿಂದ ಹತ್ತಿಕೊಳ್ಳುತ್ತದೆ. ಪೇಟೆಯ ಅಂಗಡಿಯವರು ಬಿಚ್ಚಿಯೂ ನೋಡಲಿಲ್ಲ. "ಬೋರ್ಡ್ ಹೋಗೈತೆ ಯಜಮಾನ್ರೇ, ಹೊಸದೇ ತಗಳ್ರಿ" ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಬೋರಿನಲ್ಲಿ ನೀರು ಬರದಿದ್ದರೆ ಯಾರೂ ಮೊದಲೇ ಮೋಟಾರು ಎತ್ತಿಸುವುದಿಲ್ಲ ಅನ್ನುವುದು ನನಗೂ ಗೊತ್ತು. ಫ್ಯೂಸು, ಸ್ಟಾರ್ಟರು, ಕೇಬಲ್ಲು ನೋಡಿ ಕೊನೆಗೆ ತಾನೇ ಮೋಟಾರು? ಪೆಟ್ಟಿಗೆಗೂ ಅದೇ ಲೆಕ್ಕ ಹಿಡಿದೆ. ಅಕ್ಕಪಕ್ಕದ ಊರುಗಳಲ್ಲಿ ಈವರೆಗೆ ಹತ್ತಾರು ಪೆಟ್ಟಿಗೆ ನೋಡಿದ್ದೇನೆ. ಬೋರ್ಡು ನಿಜಕ್ಕೂ ಸುಟ್ಟಿದ್ದು ಎರಡರಲ್ಲಿ ಮಾತ್ರ, ಅವೆರಡೂ ಸಿಡಿಲಿಗೆ. ಉಳಿದವೆಲ್ಲ ಪೆಟ್ಟಿಗೆಯ ಹೊರಗಿನ ದೋಷ.

ಮೊದಲು ದೋಷ ಯಾವ ಕಡೆಯದು ಅಂತ ವಿಂಗಡಿಸಿಕೊಳ್ಳಬೇಕು. ಚಿತ್ರವೇ ಬರದಿದ್ದರೆ ಡಿಶ್, ಕೇಬಲ್ ಕಡೆ. ಪೆಟ್ಟಿಗೆ ಆರಿ ಆರಿ ಹತ್ತಿದರೆ ಕರೆಂಟಿನ ಕಡೆ. ಚಿತ್ರ ಬಂದು, ಪೆಟ್ಟಿಗೆಯೂ ಆರದೆ, ರೆಕಾರ್ಡ್ ಮಾತ್ರ ಕೆಟ್ಟರೆ ಪೆನ್‌ಡ್ರೈವ್ ಅಥವಾ ಗಡಿಯಾರದ ಕಡೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಮೂರನ್ನೂ ಒಟ್ಟಿಗೆ ಬದಲಿಸಿ ಸರಿಯಾದರೆ ಯಾವುದು ಕೆಟ್ಟಿತ್ತು ಅನ್ನುವುದು ಗೊತ್ತೇ ಆಗುವುದಿಲ್ಲ.

ಬೇಕಾದ ಸಾಮಾನು ಸ್ವಲ್ಪವೇ. ಇನ್ನೂರೈವತ್ತು ಮುನ್ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಸಾಕು, ಸ್ಟಾರ್ಟರ್ ನೋಡಲಿಕ್ಕೂ ಅದು ಬೇಕೇ ಬೇಕು. ಜೊತೆಗೆ ಬೈಕಿನ ಇಂಡಿಕೇಟರ್ ಬಲ್ಬು ಒಂದು, 12 ವೋಲ್ಟ್ 10 ವ್ಯಾಟಿನದು. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಡಾಪ್ಟರ್ ಎಂಬ ಕಳ್ಳ

ರೆಕಾರ್ಡ್ ಮಾಡಿದ ಕೂಡಲೇ ಆರುವ ರೋಗದ ಮೂಲ ನನ್ನ ಪೆಟ್ಟಿಗೆಯಲ್ಲಿ ಅಡಾಪ್ಟರ್ ಆಗಿತ್ತು. ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ. ಬಹಳ ಜನ ಇಲ್ಲಿಗೇ "ಅಡಾಪ್ಟರ್ ಚೆನ್ನಾಗೈತೆ" ಅಂತ ಬಿಟ್ಟುಬಿಡುತ್ತಾರೆ. ಹೊರೆ ಇಲ್ಲದ ಎತ್ತು ಯಾವುದು ತಾನೇ ನಡೆಯುವುದಿಲ್ಲ? ಹೊರೆ ಹೊರಿಸಿ ನೋಡಬೇಕು. ಅದಕ್ಕೇ ಆ ಬಲ್ಬು. 10 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆಯುತ್ತದೆ, ಅಂದರೆ ಪೆಟ್ಟಿಗೆ ಎಳೆಯುವಷ್ಟೇ ಹೆಚ್ಚುಕಮ್ಮಿ. ಬಲ್ಬನ್ನು ಅಡಾಪ್ಟರ್ ಪಿನ್ನಿಗೆ ಹತ್ತಿಸಿ, ಹತ್ತಿಸಿದ ಹಾಗೇ ವೋಲ್ಟ್ ಅಳೆಯಿರಿ. ಒಳ್ಳೆಯ ಅಡಾಪ್ಟರ್ ಆಗಲೂ 12ರ ಹತ್ತಿರವೇ ನಿಲ್ಲುತ್ತದೆ. ನನ್ನದು 8ಕ್ಕೆ ಇಳಿಯಿತು. ಬರೀ ನೋಡುವಾಗ ಹೇಗೋ ತೂಗಿಸುತ್ತಿತ್ತು, ಪೆನ್‌ಡ್ರೈವ್‌ಗೆ ಬರೆಯುವ ಹೆಚ್ಚಿನ ಹೊರೆ ಬಂದಾಗ ಮಂಡಿಯೂರುತ್ತಿತ್ತು. ಬಲ್ಬು ಮುಟ್ಟಿಸಿದ ಕೂಡಲೇ ಒಮ್ಮೆ ಮಿಣುಕಿದರೆ ಗಾಬರಿ ಬೇಡ, ತಣ್ಣಗಿರುವ ತಂತಿ ಆರಂಭದಲ್ಲಿ ಜಾಸ್ತಿ ಎಳೆಯುತ್ತದೆ. ಇನ್ನೊಮ್ಮೆ ಮುಟ್ಟಿಸಿ ನೋಡಿ.

ಕೆಟ್ಟ ಅಡಾಪ್ಟರನ್ನು ಒಡೆದು ರಿಪೇರಿ ಮಾಡಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 230 ವೋಲ್ಟ್ ಕರೆಂಟನ್ನು ಸುಮಾರು 325 ವೋಲ್ಟ್ ಮಾಡಿ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹೊಡೆಯುತ್ತದೆ. ಹೊಸದು ತನ್ನಿ. ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹಳೆಯದಕ್ಕಿಂತ ಕಮ್ಮಿ ಇರಬಾರದು, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಚೀಟಿಯ ಮೇಲೆ ಚಿತ್ರ ಇರುತ್ತದೆ, ಅದನ್ನು ಹಳೆಯದಕ್ಕೆ ಹೋಲಿಸಿ. ಕೆಲವು ಪೆಟ್ಟಿಗೆಗಳಿಗೆ ಅಡಾಪ್ಟರೇ ಇಲ್ಲ, 230 ವೋಲ್ಟ್ ನೇರ ಒಳಗೇ ಹೋಗುತ್ತದೆ. ಅಂಥದ್ದರ ಮುಚ್ಚಳ ತೆಗೆಯುವುದು ಕೆಲಸ ಗೊತ್ತಿದ್ದವರಿಗೆ ಬಿಟ್ಟದ್ದು. ದುಡ್ಡು ಕಟ್ಟುವ ಡಿಶ್ ಕಂಪನಿಗಳ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ.

ಅಡಾಪ್ಟರ್ ಹೊರಗೇ ಇರುವ ಪೆಟ್ಟಿಗೆಯಾದರೆ ಕರೆಂಟು, ಕೇಬಲ್ ಎರಡನ್ನೂ ಕಿತ್ತು ಮುಚ್ಚಳ ತೆಗೆದು ನೋಡಬಹುದು. ಒಳಗೆ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಒಸರಿದ್ದರೆ ಅದು ಸತ್ತಿದೆ. ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನದು, 105 ಡಿಗ್ರಿ ಅಂತ ಬರೆದಿದ್ದು ಕೇಳಿ ತನ್ನಿ. ಐದು ಹತ್ತು ರೂಪಾಯಿ. ಪಟ್ಟೆ ಇರುವ ಕಡೆ ಮೈನಸ್. ಹಳೆಯದು ಯಾವ ಕಡೆ ಮುಖ ಮಾಡಿತ್ತು ಅಂತ ಕೀಳುವ ಮೊದಲು ಬರೆದುಕೊಳ್ಳಬೇಕು, ತಿರುವುಮುರುವಾದರೆ ಸಿಡಿಯುತ್ತದೆ. ಬೆಸುಗೆ ಬಾರದವರು ರೇಡಿಯೋ ರಿಪೇರಿಯವರ ಹತ್ತಿರ "ಇದೊಂದೇ ಬದಲಿಸಿ" ಅಂತ ತೋರಿಸಿ ಮಾಡಿಸಿಕೊಳ್ಳಿ. "ಪೆಟ್ಟಿಗೆ ಕೆಟ್ಟಿದೆ" ಅಂತ ಕೊಟ್ಟರೆ ಬರುವ ಬಿಲ್ಲೇ ಬೇರೆ.

ಹಿರಿಯೂರು ಕಡೆಯ ಬಿಸಿಲಿಗೆ ತಗಡಿನ ಮನೆಯಲ್ಲಿ ಈ ಕೆಪಾಸಿಟರ್‌ಗಳು ಬೇಗ ಉಬ್ಬುತ್ತವೆ. ಪೆಟ್ಟಿಗೆಯನ್ನು ಟಿವಿಯ ಮೇಲೆ ಬಟ್ಟೆ ಹೊದಿಸಿ ಇಡುವ ರೂಢಿ ಬಿಡಬೇಕು. ಪಕ್ಕದ ತೂತುಗಳು ಇರುವುದು ಉಸಿರಾಡಲಿಕ್ಕೆ.

ಮೇಲಿಂದ ಬರುವ ದಾರಿ

ಈಗ ಚಿತ್ರವೇ ಬರದ ರೋಗ. ಫ್ರೀ ಡಿಶ್ ಶುರುವಾಗಿದ್ದು 2004ರ ಡಿಸೆಂಬರ್‌ನಲ್ಲಿ, ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಈಗ ಅದನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹವನ್ನು 2015ರ ನವೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ಕೌರುವಿನಿಂದ ಹಾರಿಸಿದರು. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಇಂಥ ಉಪಗ್ರಹಗಳನ್ನು ಕಾಯುವ ಇಸ್ರೋ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಚಿತ್ರದುರ್ಗದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಅಷ್ಟು ಎತ್ತರ ಇರುವುದರಿಂದ ದೂರದ ಗುಡ್ಡ ಅಡ್ಡ ಬರುವುದಿಲ್ಲ, ಹತ್ತಿರದ ತೆಂಗು, ಹುಣಿಸೆ, ಬೇವು ಅಡ್ಡ ಬರುತ್ತವೆ. ಹೊಳಲ್ಕೆರೆ ಕಡೆ ತೋಟದ ಮನೆಗಳಲ್ಲಿ ಇದೇ ದೊಡ್ಡ ಕಾಟ. ಡಿಶ್ ಕೂರಿಸಿದಾಗ ಗಿಡವಾಗಿದ್ದ ಅಡಿಕೆ ಐದಾರು ವರ್ಷಕ್ಕೆ ಮುಂದೆ ಬಂದು ನಿಂತಿರುತ್ತದೆ.

ಮರ ಅಡ್ಡ ಇದೆಯೋ ಇಲ್ಲವೋ ಅಂತ ನೋಡಲು ಖರ್ಚಿಲ್ಲದ ಒಂದು ಉಪಾಯ ಇದೆ. ಮಾರ್ಚ್ ಮಧ್ಯದಲ್ಲಿ ಹಾಗೂ ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸೂರ್ಯ ನಮ್ಮ ಕಡೆಯಿಂದ ನೋಡಿದರೆ ಸರಿಯಾಗಿ ಆ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಕದಡುವುದೂ ಉಂಟು, ಅದು ಯಾರ ದೋಷವೂ ಅಲ್ಲ, ತಾನೇ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಮಾಳಿಗೆ ಹತ್ತಿ ಡಿಶ್ ನೋಡಿ. ಅದರ ಮೇಲೆ ಮರದ ನೆರಳು ಬಿದ್ದಿದ್ದರೆ ಆ ಕೊಂಬೆಯೇ ಅಡ್ಡ. ಬಿಸಿಲು ಪೂರಾ ಬಿದ್ದಿದ್ದರೆ ಮರದ ತಂಟೆಗೆ ಹೋಗಬೇಡಿ.

ಇನ್ನು ಕೇಬಲ್ಲು. ಪೆಟ್ಟಿಗೆಯಿಂದ ಮೇಲಿನ ಎಲ್‌ಎನ್‌ಬಿಗೆ ಕರೆಂಟು ಇದೇ ಕೇಬಲ್ಲಿನಲ್ಲಿ ಹೋಗುತ್ತದೆ, ಚಿತ್ರವೂ ಇದರಲ್ಲೇ ಬರುತ್ತದೆ. ಇದು ಗೊತ್ತಿದ್ದರೆ ಅರ್ಧ ರಿಪೇರಿ ಆದ ಹಾಗೆ. ಫ್ರೀ ಡಿಶ್ ಚಾನೆಲ್ ಹಾಕಿದಾಗ ಪೆಟ್ಟಿಗೆ ಸುಮಾರು 13 ವೋಲ್ಟ್ ಮೇಲಕ್ಕೆ ಕಳಿಸುತ್ತದೆ. ಮೊದಲು ಪೆಟ್ಟಿಗೆ ಆರಿಸಿ, ಎಲ್‌ಎನ್‌ಬಿಯಿಂದ ಕೇಬಲ್ ಕಳಚಿ, ಮತ್ತೆ ಪೆಟ್ಟಿಗೆ ಹತ್ತಿಸಿ. ಕೇಬಲ್ಲಿನ ನಡುತಂತಿಗೂ ಹೊರಗಿನ ಲೋಹಕ್ಕೂ ಮೀಟರ್ ಹಿಡಿಯಿರಿ. ಎರಡೂ ಮುಳ್ಳು ಒಂದಕ್ಕೊಂದು ತಾಗಬಾರದು. ಅಲ್ಲಿ 13 ಬಂದರೆ ಪೆಟ್ಟಿಗೆ, ಕೇಬಲ್ ಎರಡೂ ಬಹುಮಟ್ಟಿಗೆ ಸರಿ, ದೋಷ ಎಲ್‌ಎನ್‌ಬಿ ಅಥವಾ ಡಿಶ್ ತಿರುಗಿದ್ದರಲ್ಲಿ. ಅಲ್ಲಿ ಬಾರದೆ ಪೆಟ್ಟಿಗೆಯ ಹಿಂದೆ ಬಂದರೆ ಕೇಬಲ್ಲು. ಪೆಟ್ಟಿಗೆಯ ಹಿಂದೆಯೇ ಬರದಿದ್ದರೆ ಆಗ ಮಾತ್ರ ಪೆಟ್ಟಿಗೆಯ ಮೇಲೆ ಅನುಮಾನ.

ಕೇಬಲ್ಲಿನಲ್ಲಿ ನೂರಕ್ಕೆ ತೊಂಬತ್ತು ದೋಷ ಎರಡು ತುದಿಯಲ್ಲೇ. ಸ್ಕ್ರೂ ಪಿನ್ನು ಬಿಚ್ಚಿ ನೋಡಿ, ನಡುತಂತಿ ಹಸಿರು ಕಿಲುಬು ಹಿಡಿದಿರುತ್ತದೆ, ಇಲ್ಲವೇ ಹೊರಗಿನ ಜಾಲರಿಯ ಒಂದು ಎಳೆ ಹೋಗಿ ನಡುತಂತಿಗೆ ತಾಗಿರುತ್ತದೆ. ನಾಲ್ಕು ಬೆರಳು ಕತ್ತರಿಸಿ ಹೊಸ ಪಿನ್ನು ಹಾಕಿ. ನಡುವೆ ಅಳಿಲೋ ಇಲಿಯೋ ಕಡಿದಿದ್ದರೆ ತಂತಿ ಹೆಣೆದು ಟೇಪ್ ಸುತ್ತುವ ಕೆಲಸ ಇಲ್ಲಿ ನಡೆಯುವುದಿಲ್ಲ. ಮೋಟಾರಿನ ಕೇಬಲ್ಲಿಗೆ ಅದು ಸರಿ, ಇದಕ್ಕೆ ಎರಡು ಕಡೆ ಪಿನ್ನು ಹಾಕಿ ಜೋಡಿಸುವ ಜಾಯಿಂಟೇ ಬೇಕು. ಮನೆಯೊಳಗೆ ಬರುವ ಮುಂಚೆ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋಲು ಬಿಟ್ಟು ಆಮೇಲೆ ಮೇಲೆ ತನ್ನಿ. ಮಳೆನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯ ತೂತಿನಿಂದ ಒಳಕ್ಕೆ ಬರುವುದಿಲ್ಲ.

ಎಲ್‌ಎನ್‌ಬಿಯ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಬಿಸಿಲಿಗೆ ಅದು ಬಿರಿದರೆ ನೀರು ಇಳಿಯುತ್ತದೆ, ಕಡಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಹೊಸದುರ್ಗದ ಒಬ್ಬ ನೆಂಟರ ಮನೆಯಲ್ಲಿ ಹೀಗೇ ಆಗಿತ್ತು. ಆರು ತಿಂಗಳಿಂದ "ಉಪಗ್ರಹ ಬದಲಾಗೈತಂತೆ" ಅಂತ ಟಿವಿ ಮೂಲೆಗಿಟ್ಟಿದ್ದರು. ಮುಚ್ಚಳ ಬಿರಿದ ಎಲ್‌ಎನ್‌ಬಿಯನ್ನು ಬದಲಿಸಿಬಿಡುವುದೇ ಲೇಸು, ಬೆಲೆ ಒಂದು ಕೂಲಿಯ ಅರ್ಧವೂ ಇಲ್ಲ.

ಡಿಶ್ ತಿರುಗಿದ್ದರೆ, ಅಂದರೆ ಕೋತಿ ಜೋತುಬಿದ್ದಿದ್ದರೆ ಅಥವಾ ಆಷಾಢದ ಗಾಳಿಗೆ ಬೋಲ್ಟ್ ಸಡಿಲಿದ್ದರೆ, ಕೂರಿಸುವ ಕೆಲಸಕ್ಕೆ ಇಬ್ಬರು ಬೇಕು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಡಿಶ್ಶನ್ನು ಬಿಡುತ್ತದೆಯೇ? ಬಿಚ್ಚುವ ಮೊದಲು ಈಗಿನ ಜಾಗಕ್ಕೆ ಬಣ್ಣದ ಗೆರೆ ಹಾಕಿ. ಪೆಟ್ಟಿಗೆಯಲ್ಲಿ 11090, ವಿ, 29500 ಇರುವ ಸಾಲನ್ನು ತೆರೆದಿಡಿ. ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಅನ್ನುವುದು ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿದ್ದರೆ ಡಿಶ್ ಎತ್ತ ತಿರುಗಿದ್ದರೂ ಏರಿರುತ್ತದೆ, ಅದನ್ನು ನಂಬಬೇಡಿ. ಕ್ವಾಲಿಟಿ ಏರಿದರೆ ಮಾತ್ರ ಸರಿಯಾದ ಉಪಗ್ರಹ. ಒಬ್ಬರು ಒಳಗೆ ಪಟ್ಟಿ ನೋಡಿ ಕೂಗಬೇಕು, ಮೇಲಿದ್ದವರು ಬೆರಳಿನ ದಪ್ಪಕ್ಕಿಂತ ಕಮ್ಮಿ ಸರಿಸಿ ಮೂರು ಎಣಿಸುವವರೆಗೆ ಕಾಯಬೇಕು. ಅವಸರ ಮಾಡಿದರೆ ದಾಟಿಹೋಗಿರುತ್ತದೆ. ಕಾರ್ಮೋಡ ಕವಿದ ದಿನ ಈ ಕೆಲಸ ಬೇಡ, ಜೋರು ಮಳೆಯಲ್ಲಿ ಒಳ್ಳೆಯ ಡಿಶ್ಶೂ ಸೋಲುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಡಿಶ್ ನಮ್ಮ ರಾಜ್ಯದ ಹಳ್ಳಿಗಳಿಗೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಳಿಸಿದ್ದರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಬರುತ್ತಿದ್ದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಆಗಿನ ಡಿಶ್ ಹತ್ತು ಅಡಿ ಅಗಲ, ಕೋಳಿಗೂಡಿನ ತಂತಿಬಲೆಯಿಂದ ಮಾಡಿದ್ದು. ಅದನ್ನು ಬಯಲುಸೀಮೆಯ ಬಿಸಿಲು, ಗಾಳಿಯಲ್ಲಿ ನಿಲ್ಲಿಸಿ ವರ್ಷವಿಡೀ ನಡೆಸಿದರು. ನಮ್ಮ ಮಾಳಿಗೆಯ ಎರಡು ಅಡಿಯ ತಟ್ಟೆ ಅದರ ಮುಂದೆ ಎಷ್ಟರದ್ದು?

ಪೆನ್‌ಡ್ರೈವ್: "ಫಾರ್ಮ್ಯಾಟ್ ಮಾಡಲೇ?" ಅಂದರೆ ಬೇಡ ಅನ್ನಿ

ನಮ್ಮೂರಿನ ಹೆಂಗಸರ ಸಂಘದವರು ಸಾವೆ ಹಸನು ಮಾಡುವ ಬಗ್ಗೆ ಟಿವಿಯಲ್ಲಿ ಮಾತಾಡಿದ್ದರು. ಅರ್ಧ ಗಂಟೆಯ ಕಾರ್ಯಕ್ರಮ. ಅದರಲ್ಲಿ ನಮ್ಮ ದೊಡ್ಡಮ್ಮ ಕಲ್ಲು ಬೀಸುತ್ತಾ ಹಾಡು ಹೇಳಿದ್ದು ಇತ್ತು, ಈಗ ದೊಡ್ಡಮ್ಮ ಇಲ್ಲ. ಅಡಾಪ್ಟರ್ ಸೋತು ರೆಕಾರ್ಡ್ ನಡುವೆ ಪೆಟ್ಟಿಗೆ ಆರಿ ಹತ್ತಿದ ದಿನಗಳಲ್ಲಿ ಒಂದು ಸಲ ಪೆಟ್ಟಿಗೆ ಆ ಪೆನ್‌ಡ್ರೈವನ್ನು ಗುರುತಿಸದೆ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿತು. ಸೊಸೆ ನೋಡಿ "ಮಾವಾ, ಓಕೆ ಒತ್ತಬ್ಯಾಡ್ರಿ, ಎಲ್ಲಾ ಅಳಿಸಿಹೋಗ್ತೈತೆ" ಅಂತ ರಿಮೋಟ್ ಇಸಿದುಕೊಂಡಳು. ಪೆನ್‌ಡ್ರೈವ್ ಕಂಪ್ಯೂಟರಿಗೆ ಹಾಕಿದರೆ ಹಳೆಯ ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಕೊನೆಯದು ಮಾತ್ರ ಅರ್ಧಕ್ಕೆ ತುಂಡಾಗಿತ್ತು. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಆಮೇಲೆ ಪೆನ್‌ಡ್ರೈವ್ ಅನ್ನು ಫ್ಯಾಟ್-32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದೆವು. ಬರೆಯುವ ನಡುವೆ ಕರೆಂಟು ಹೋದರೆ ಫೈಲುಗಳ ಪಟ್ಟಿ ಕೆಡುತ್ತದೆ, ಫೈಲು ಸಾಯುವುದಿಲ್ಲ. ಖಾತೆಪುಸ್ತಕ ನೆನೆದರೆ ಹೊಲ ಎಲ್ಲಿಗೂ ಹೋಗುವುದಿಲ್ಲವಲ್ಲ, ಹಾಗೆ.

ಒಂದು ಎಚ್ಚರಿಕೆ. ಬಹಳಷ್ಟು ಫ್ರೀ ಡಿಶ್ ಪೆಟ್ಟಿಗೆಗಳ ರೆಕಾರ್ಡಿಂಗ್ ಕಂಪ್ಯೂಟರಿನಲ್ಲೂ ಓಡುತ್ತದೆ. ದುಡ್ಡು ಕಟ್ಟುವ ಕಂಪನಿಗಳ ರೆಕಾರ್ಡರಿನಲ್ಲಿ ಹಾಗಲ್ಲ, ಅದಕ್ಕೆ ಬೀಗ ಇರುತ್ತದೆ, ಆ ಪೆಟ್ಟಿಗೆ ಸತ್ತರೆ ಅದರೊಳಗಿನದೂ ಸಾಮಾನ್ಯವಾಗಿ ಅದರ ಜೊತೆಗೇ ಹೋಯಿತು.

ಫ್ಯಾಟ್-32ರಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದಾಗುವಂತಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟದ ರೆಕಾರ್ಡಿಂಗ್ ನಡುವೆ ನಿಂತರೆ ಇದೇ ಕಾರಣ ಇರಬಹುದು. ಕೆಲವು ಪೆಟ್ಟಿಗೆ ತಾವೇ ತುಂಡು ಮಾಡಿಕೊಳ್ಳುತ್ತವೆ, ಕೆಲವಕ್ಕೆ ಆ ಬುದ್ಧಿ ಇಲ್ಲ. ಜಾತ್ರೆಯಲ್ಲಿ ಅಗ್ಗಕ್ಕೆ ಸಿಗುವ 64 ಜಿಬಿ ಪೆನ್‌ಡ್ರೈವ್ ಎಷ್ಟೋ ಸಲ ಹೆಸರಿಗೆ ಮಾತ್ರ 64. ನಿಜವಾದ ಜಾಗ ತುಂಬಿದ ಮೇಲೆ ಬರೆದಿದ್ದೆಲ್ಲ ಹಾಳು. ಹಾರ್ಡ್‌ಡಿಸ್ಕ್ ಚುಚ್ಚುವವರಿಗೂ ಒಂದು ಮಾತು: ಸಾದಾ ಯುಎಸ್‌ಬಿ ತೂತಿನಿಂದ ಅರ್ಧ ಆಂಪಿಯರ್‌ಗಿಂತ ಹೆಚ್ಚು ನಿರೀಕ್ಷಿಸಬಾರದು, ಹಾರ್ಡ್‌ಡಿಸ್ಕಿಗೆ ಅದು ಸಾಲದೆ ಟಿಕ್ ಟಿಕ್ ಅನ್ನುತ್ತದೆ. ಅದಕ್ಕೆ ಬೇರೆ ಕರೆಂಟು ಕೊಡಬೇಕು.

ಇನ್ನೊಂದು ತಮಾಷೆಯ ದೋಷ ಮೂರು ಮನೆಯಲ್ಲಿ ಕಂಡಿದ್ದೇನೆ. ಸಂಜೆ ಐದೂವರೆಗೆ ಟೈಮರ್ ಇಟ್ಟರೆ ರಾತ್ರಿ ಹನ್ನೊಂದರ ಧಾರಾವಾಹಿ ರೆಕಾರ್ಡ್ ಆಗಿರುತ್ತದೆ. ಪೆಟ್ಟಿಗೆ ಕೆಟ್ಟಿಲ್ಲ. ಉಪಗ್ರಹದಿಂದ ಬರುವ ಗಡಿಯಾರ ಲಂಡನ್ ಹೊತ್ತಿನದು. ಮೆನುವಿನಲ್ಲಿ ಟೈಮ್ ಅನ್ನುವ ಕಡೆ ಪ್ಲಸ್ 5:30 ಇಡಬೇಕು, ಅಷ್ಟೇ. ಹಾಗೆಯೇ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಬದಲಾಗುತ್ತಿರುತ್ತದೆ, ಏಪ್ರಿಲ್ ಬಂದಾಗಲಂತೂ ಮತ್ತೆ ಸ್ಕ್ಯಾನ್ ಮಾಡಿ ಟೈಮರ್‌ನಲ್ಲಿರುವ ಚಾನೆಲ್ ಅದೇನಾ ಅಂತ ನೋಡಿಕೊಳ್ಳಬೇಕು. ಹಳೆಯ ಎಂಪೆಗ್-2 ಪೆಟ್ಟಿಗೆಯಲ್ಲಿ ಎಂಪೆಗ್-4 ಚಾನೆಲ್ ಬರುವುದಿಲ್ಲ. ಅದೂ ಕೆಟ್ಟಿದ್ದಲ್ಲ.

ಸ್ಪ್ರೇಯರ್ ಬ್ಯಾಟರಿಯಲ್ಲಿ ರೆಕಾರ್ಡ್

ಅಡಾಪ್ಟರ್ ಕೆಟ್ಟಿದೆಯೋ ಪೆಟ್ಟಿಗೆ ಕೆಟ್ಟಿದೆಯೋ ಅಂತ ತೀರ್ಮಾನಿಸಲು ನಾನು ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಬಳಸಿದೆ. 12 ವೋಲ್ಟ್, 8 ಆಂಪಿಯರ್-ಅವರ್. ನಡುವೆ 2 ಆಂಪಿಯರ್ ಫ್ಯೂಸು ಹಾಕಿ, ಪ್ಲಸ್ ಮೈನಸ್ ಎರಡು ಸಲ ನೋಡಿ ಪೆಟ್ಟಿಗೆಗೆ ಕೊಟ್ಟರೆ ರೆಕಾರ್ಡ್ ಸರಾಗವಾಗಿ ಆಯಿತು. ಪೆಟ್ಟಿಗೆ ಗಟ್ಟಿ ಇದೆ ಅಂತ ಅಲ್ಲಿಗೇ ಗೊತ್ತಾಯಿತು.

ಆಮೇಲೆ ಹೊಳೆದಿದ್ದು, ರೆಕಾರ್ಡ್ ಆಗಲು ಟಿವಿ ಹತ್ತಿರಲೇಬೇಕೆಂದಿಲ್ಲ. ಎಲ್‌ಎನ್‌ಬಿಗೂ ಕರೆಂಟು ಪೆಟ್ಟಿಗೆಯಿಂದಲೇ. ಅಂದರೆ ಊರಿನ ಕರೆಂಟು ಹೋದರೂ ಬ್ಯಾಟರಿ ಇದ್ದರೆ ಕಾರ್ಯಕ್ರಮ ತಪ್ಪುವುದಿಲ್ಲ. ನನ್ನ ಪೆಟ್ಟಿಗೆ ಮುಕ್ಕಾಲು ಆಂಪಿಯರ್‌ಗಿಂತ ಕಮ್ಮಿ ಎಳೆಯುತ್ತದೆ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೂ ನಾಲ್ಕೈದು ಗಂಟೆ ಧಾರಾಳ. ಚಾರ್ಜರ್ ಹಾಕಿರುವಾಗ ಮಾತ್ರ ಪೆಟ್ಟಿಗೆ ಜೋಡಿಸಬೇಡಿ, ಆಗ ವೋಲ್ಟ್ 14 ದಾಟುತ್ತದೆ.

ಅಶ್ವಿನಿ, ಭರಣಿ ಮಳೆಯ ಗುಡುಗು ಕೇಳಿದ ಕೂಡಲೇ ಡಿಶ್ ಕೇಬಲ್ಲನ್ನೂ ಪ್ಲಗ್ಗನ್ನೂ ಕಿತ್ತಿಡಿ. ಗುಡುಗು ನೆತ್ತಿಯ ಮೇಲೆ ಬಂದಮೇಲೆ ಕೀಳಲು ಹೋಗಬೇಡಿ, ಆಗ ಕೇಬಲ್ ಮುಟ್ಟುವುದೇ ಅಪಾಯ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಬರುವುದು ಮಾಳಿಗೆಯಿಂದ. ಮೊದಲೇ ಹೇಳಿದ ಆ ಎರಡು ಪೆಟ್ಟಿಗೆಗಳಲ್ಲೂ ಪ್ಲಗ್ ಕಿತ್ತಿದ್ದರು, ಕೇಬಲ್ ಬಿಟ್ಟಿದ್ದರು.

ನನ್ನ ಪೆಟ್ಟಿಗೆಗೆ ಒಟ್ಟು ಬಂದ ಖರ್ಚು ಹೊಸ ಅಡಾಪ್ಟರ್ 150, ಎರಡು ಪಿನ್ನಿಗೆ 20. ಹಿರಿಯೂರಿಗೆ ಹೋಗಿ ಬಂದ ಬಸ್ ಚಾರ್ಜು ಬೇರೆ. ಬಲ್ಬು ಹಳೆಯ ಬೈಕಿನದು.